ಹೊರೆಯಿಲ್ಲದ ಜೋಡಿ ಬೇಕಾಗಿದೆ

ಗೋವಾದ ಮಾಪ್ಸಾ ಮಾರ್ಕೆಟ್ಟಿನಲ್ಲಿ ಶ್ರೀಶೈಲನ ಕಿರಾಣಿ ಅಂಗಡಿಯ ಗೋಡೆಗೆ ಅಂಟಿಸಿದ್ದ ಚೀಟಿಯಲ್ಲಿ ಮೂರೇ ಸಾಲಿದ್ದವು, ಅದೂ ಇಂಗ್ಲಿಷಿನಲ್ಲಿ. ಭಾಗವ್ವನಿಗೆ ಕನ್ನಡವೇ ಓದಲು ಬರುತ್ತಿರಲಿಲ್ಲ. ಅದು ಕೆಲಸದ ಚೀಟಿ ಎಂದು ತಾವಿದ್ದ ಚಿಂಬಲ್‌ನಲ್ಲಿ ಯಾರೋ ಹೇಳಿದ್ದನ್ನು ನಂಬಿ, ಗಂಡನನ್ನೂ ಮಗಳನ್ನೂ ಕರೆದುಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದಳು. ಗಂಡ ಮುತ್ತು ಐದು ತಿಂಗಳ ಹಿಂದೆ ಪರ್ವರಿಯ ಒಂದು ಕಟ್ಟಡದಲ್ಲಿ ಸೆಂಟ್ರಿಂಗ್ ಹಲಗೆಯ ಮೇಲಿಂದ ಬಿದ್ದಿದ್ದ. ಬಲಗೈ ಮೂಳೆ ಸೊಟ್ಟಗೆ ಕೂಡಿಕೊಂಡು, ಕೈ ಈಗ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಮೇಸ್ತ್ರಿಗಳು ಅವನನ್ನು ಕರೆಯುವುದು ಬಿಟ್ಟಿದ್ದರು. ಭಾಗವ್ವ ಒಬ್ಬಳೇ ತಲೆಯ ಮೇಲೆ ಕಾಂಕ್ರೀಟ್ ಬುಟ್ಟಿ ಹೊತ್ತು ಮೂರು ಹೊಟ್ಟೆ ತುಂಬಿಸುತ್ತಿದ್ದಳು. ಅದೂ ಮಳೆಗಾಲದಲ್ಲಿ ನಿಂತುಹೋಗುವ ಕೆಲಸ, ಮತ್ತು ಮಳೆಗಾಲಕ್ಕೆ ಇನ್ನು ಒಂದೂವರೆ ತಿಂಗಳಿತ್ತು.

ಶ್ರೀಶೈಲ ಬೈಲಹೊಂಗಲದ ಕಡೆಯ ವ್ಯಾಪಾರಸ್ಥರ ಮನೆಯವನು. ಅಪ್ಪನ ಕಾಲದಿಂದ ಗೋವಾದಲ್ಲೇ ಅಂಗಡಿ. ಚೀಟಿಯನ್ನು ಅವನು ಬೆರಳಿಟ್ಟು ಓದಿ ಹೇಳಿದ.

"ಮೊಯ್ರಾದಾಗ ಹಳೇ ಬಂಗಲೇ ಐತಿ. ಒಬ್ಬಾಕಿನ ಮುದುಕಿ. ಮನಿ ನೋಡ್ಕೊಳ್ಳಾಕ ಗಂಡ ಹೆಂಡತಿ ಬೇಕಂತ. ಹಿತ್ತಲದಾಗ ಖೋಲಿ, ನಳ, ಸಂಡಾಸ, ಎರಡ್ಹೊತ್ತು ಊಟ."

"ನಾವು ಹೋಗ್ತೇವ್ರಿ ಸಾವಕಾರ್ರ."

"ತಡಿಯವ್ವಾ, ಕಡೀ ಸಾಲು ಇನ್ನಾ ಓದಿಲ್ಲ. 'ವಿದೌಟ್ ಎನ್‌ಕಂಬ್ರೆನ್ಸ್' ಅಂತ ಬರದಾಳ." ಶ್ರೀಶೈಲ ನಕ್ಕ. "ಈ ಶಬ್ದ ನಾ ಜಾಗಾದ ಕಾಗದದಾಗ ನೋಡೀನಿ. ಮನಿ ಹೊಲ ತಗೊಳ್ಳೂಮುಂದ ಇ.ಸಿ. ತಗಸ್ತಾರಲ್ಲ, ಋಣಭಾರದ ಸರ್ಟಿಫಿಕೇಟು, ಅದು. ಮನಶ್ಯಾರಿಗೆ ಯಾಕ ಹಚ್ಚ್ಯಾಳ ಈಕಿ?"

ಅಲ್ಲೇ ಫೋನ್ ಮಾಡಿ ಕೊಂಕಣಿಯಲ್ಲಿ ಕೇಳಿದ. ಎರಡು ಸಲ "ಹಾಂ ಬಾಯ್" ಅಂದು ಇಟ್ಟ.

"ಮಕ್ಕಳಿರಬಾರದಂತ."

ಮೂವರೂ ಅಂಗಡಿಯ ಮೆಟ್ಟಿಲ ಕಡೆ ನೋಡಿದರು. ಮಗಳು ಅಶ್ವಿನಿ ಅಲ್ಲಿ ಕುಳಿತು ಈರುಳ್ಳಿ ಚೀಲದ ದಾರ ಬಿಚ್ಚುತ್ತಿದ್ದಳು. ಏಳು ವರ್ಷದವಳು, ಐದರ ಹಾಗೆ ಕಾಣುತ್ತಿದ್ದಳು.

"ಇಲ್ಲಂತ ಹೇಳ್ರಿ," ಅಂದ ಮುತ್ತು. ಭಾಗವ್ವ ಬಾಯಿ ತೆರೆಯುವ ಮೊದಲೇ ಅಂದಿದ್ದ.

"ನೋಡೋ ಮುತ್ತೂ, ಬಾಯ್ ನನಗ ಹಳೇ ಗಿರಾಕಿ. ನಾಳೆ ತಂಟೆ ಆತಂದ್ರ ನಾ ಈ ಹುಡುಗೀನ್ನ ನೋಡೇ ಇಲ್ಲ, ತಿಳೀತಿಲ್ಲೋ?"

"ತಿಳೀತ್ರಿ."

ಬಂಗಲೆಯ ಒಡತಿ ಎಲ್ವಿರಾ ಬಾಯಿಗೆ ಎಪ್ಪತ್ತೆಂಟು ವರ್ಷ. ನಲವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಮನೆಯ ಮುಂಜಗಲಿಯಾದ ಬಾಲ್ಕಾಂವ್‌ನಲ್ಲಿ, ಎದುರುಬದುರು ಕಲ್ಲಿನ ಆಸನಗಳ ನಡುವೆ, ಮರದ ಸ್ಟ್ಯಾಂಡಿನ ಮೇಲೆ ದಪ್ಪ ಡಿಕ್ಷನರಿಯೊಂದು ಸದಾ ತೆರೆದಿರುತ್ತಿತ್ತು. ಕೆಲಸ ಕೇಳಲು ಬಂದವರನ್ನು ಕೂರಿಸದೆ ಅದರ ಮುಂದೆಯೇ ನಿಲ್ಲಿಸಿದಳು. ಜೊತೆಗೆ ಬಂದಿದ್ದ ಶ್ರೀಶೈಲ ತನಗೆ ಆ ಶಬ್ದಕ್ಕೆ ಜಾಗದ ಕಾಗದದಲ್ಲಿರುವ ಅರ್ಥ ಮಾತ್ರ ಗೊತ್ತಿತ್ತು ಎಂದಾಗ ಅವಳ ಮುಖ ಅರಳಿತು. ಅರ್ಥ ಕೇಳುವವರು ಅವಳಿಗೆ ಈಗ ಸಿಗುತ್ತಿರಲಿಲ್ಲ.

"ಅದು ಫ್ರೆಂಚರಿಂದ ಬಂದದ್ದು," ಅಂದಳು ಕೊಂಕಣಿಯಲ್ಲಿ, ತರಗತಿಯಲ್ಲಿ ನಿಂತವಳ ಹಾಗೆ. "ಅದಕ್ಕೂ ಮೊದಲು ಇನ್ನೂ ಹಳೆಯ ಜನರ ಮಾತು. ಮರ ಕಡಿದು ಹೊಳೆಗೆ ಅಡ್ಡ ಹಾಕುತ್ತಿದ್ದರಂತೆ. ನೀರು ನಿಲ್ಲುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಆ ಅಡ್ಡ ಹಾಕಿದ ರಾಶಿಯ ಹೆಸರು ಅದು. ಆಮೇಲೆ ಯಾವ ಅಡ್ಡಿಗೂ ಅದೇ ಆಯಿತು, ಆಮೇಲೆ ಹೊರೆಗೆ. ಜಮೀನಿನ ಕಾಗದದಲ್ಲಿ ಹೇಳಿದರೆ, ಒಬ್ಬರ ಆಸ್ತಿಯ ಮೇಲೆ ಬೇರೆಯವರಿಗಿರುವ ಹಕ್ಕು. ಇಂಗ್ಲಿಷರು ಮನೆಗೆ ಆಳು ಬೇಕೆಂದು ಪೇಪರಿನಲ್ಲಿ ಹಾಕಿಸುವಾಗ ಹೀಗೇ ಬರೆಯುತ್ತಿದ್ದರು. ಮಕ್ಕಳಿಲ್ಲದ ಜೋಡಿ ಬೇಕು ಎಂದರೆ ಒರಟಾಗಿ ಕೇಳುತ್ತದೆ. ಹೀಗೆ ಬರೆದರೆ ಸಭ್ಯವಾಗಿರುತ್ತದೆ."

ಭಾಗವ್ವನಿಗೆ ಕಟ್ಟಡಗಳಲ್ಲಿ ಕಲಿತ ಕೊಂಕಣಿ ಬರುತ್ತಿತ್ತು. ಹೊಳೆ, ಮರ, ಮಕ್ಕಳು ಅರ್ಥವಾದವು. ಸಭ್ಯ ಎಂಬುದನ್ನು ಅವಳು ತಿಳಿಯದೆ ಬಿಟ್ಟುಬಿಟ್ಟಳು.

"ಮಕ್ಕಳಿದ್ದಾರೆಯೇ?" ಎಲ್ವಿರಾ ಬಾಯ್ ಭಾಗವ್ವನನ್ನೇ ನೋಡಿ ಕೇಳಿದಳು.

"ಇಲ್ರಿ ಬಾಯ್."

"ಎಷ್ಟು ವರ್ಷವಾಯಿತು ಮದುವೆಯಾಗಿ?"

"ಹತ್ತು."

"ಸುಳ್ಳು ಹೇಳಬೇಡ. ಕಳ್ಳರನ್ನು ಇಟ್ಟುಕೊಂಡೇನು, ಸುಳ್ಳರನ್ನು ಇಟ್ಟುಕೊಳ್ಳುವುದಿಲ್ಲ."

"ದೇವರು ಕೊಡ್ಲಿಲ್ರಿ," ಅಂದ ಮುತ್ತು, ತಲೆ ತಗ್ಗಿಸಿ. ಅವನು ಅದನ್ನು ಎಷ್ಟು ಚೆನ್ನಾಗಿ ಹೇಳಿದನೆಂದರೆ ಭಾಗವ್ವನಿಗೇ ಒಂದು ಗಳಿಗೆ ಅಯ್ಯೋ ಅನ್ನಿಸಿತು.

ಬಾಡಿಗೆದಾರರ ವಿವರ ಕೊಡುವ ಪೊಲೀಸ್ ಠಾಣೆಯ ಫಾರಂ ಬಂತು. ಮಕ್ಕಳು ಎಂಬಲ್ಲಿ ಎಲ್ವಿರಾ ಬಾಯ್ ತಾನೇ ಚಂದದ ಅಕ್ಷರದಲ್ಲಿ 'ಇಲ್ಲ' ಎಂದು ಬರೆದಳು. ಮುತ್ತು ಎಡಗೈಯಿಂದ ಸಹಿಯ ಹಾಗೊಂದು ಗೆರೆ ಎಳೆದ. ಭಾಗವ್ವ ಹೆಬ್ಬೆಟ್ಟು ಒತ್ತಿದಳು.

ಅಶ್ವಿನಿ ಚಿಂಬಲ್‌ನಲ್ಲಿ ಪಕ್ಕದ ಖೋಲಿಯ ರಾಮಿಬಾಯಿಯ ಹತ್ತಿರ ಉಳಿದಳು. ರಾಮಿಬಾಯಿ ತಾಂಡಾದವಳು, ಭಾಗವ್ವನ ಜೊತೆ ಬುಟ್ಟಿ ಹೊತ್ತವಳು, ಗಂಡ ಬಿಟ್ಟವಳು. ಹದಿನೈದು ದಿನಕ್ಕೊಂದು ಭಾನುವಾರ ಭಾಗವ್ವ ಹೋಗಿ ಮಗಳ ತಲೆ ಬಾಚಿ ಬರುತ್ತಿದ್ದಳು. ಮಳೆಗಾಲ ಬಂತು. ಮೊಯ್ರಾದ ಖೋಲಿ ಸೋರಲಿಲ್ಲ. ಸೋರದ ಮಾಡಿನ ಕೆಳಗೆ ಮಲಗಿ ಮುತ್ತು ದಪ್ಪಗಾದ.

ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ರಾಮಿಬಾಯಿ ಹೇಳದೆ ಕೇಳದೆ ಮೊಯ್ರಾದ ಗೇಟಿನ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಅಶ್ವಿನಿ.

"ಏ ಭಾಗೀ, ತಗೋ ನಿನ್ನ ವಸ್ತು. ನನಗ ವೆರ್ಣಾದಾಗ ಫ್ಯಾಕ್ಟರಿ ಕೆಲಸ ಹತ್ತೇತಿ, ಕಸಾ ಹೊಡಿಯೂದು. ಕಂಪನಿ ಬಸ್ಸು ಆರಕ್ಕ ಬರ್ತೇತಿ. ಇದನ್ನ ಎಲ್ಲಿ ಕಟ್ಟಿ ಹೋಗ್ಲಿ?"

ಒಗೆಯುತ್ತಿದ್ದ ಬಟ್ಟೆ ಬಿಟ್ಟು ಬಂದಿದ್ದ ಭಾಗವ್ವ ಹಿಂದೆ ತಿರುಗಿ ನೋಡುವಷ್ಟರಲ್ಲಿ ಎಲ್ವಿರಾ ಬಾಯ್ ಬಾಲ್ಕಾಂವ್‌ನಿಂದ ಕೋಲೂರಿ ಇಳಿದಿದ್ದಳು.

"ಯಾರದು ಮಗು?"

ಯೋಚಿಸಲು ಸಮಯ ಇರಲಿಲ್ಲ. "ನಮ್ಮ ಪೈಕಿ ಕೂಸ್ರಿ ಬಾಯ್. ಚಿಂಬಲ್‌ದಾಗ ಇದ್ದರು. ಗ್ವಾಡಿ ಬಿದ್ದು ಅವರವ್ವ ಸತ್ತಳು. ಅಪ್ಪ ಮೊದಲ ಇಲ್ಲ."

ರಾಮಿಬಾಯಿಗೆ ಕೊಂಕಣಿ ಭಾಗವ್ವನಿಗಿಂತ ಚೆನ್ನಾಗಿ ಬರುತ್ತಿತ್ತು. ಅವಳು ಭಾಗವ್ವನ ಮುಖವನ್ನೊಮ್ಮೆ, ಬಂಗಲೆಯನ್ನೊಮ್ಮೆ ನೋಡಿದಳು. ಮಗುವಿನ ಕೈ ಬಿಟ್ಟಳು. ಹೋಗುವಾಗ ಹತ್ತಿರ ಬಂದು ಕನ್ನಡದಲ್ಲಿ ಪಿಸುಗುಟ್ಟಿದಳು: "ಸತ್ತಾಕಿ ನಳದ ನೀರಿನಾಗ ಅರಿವಿ ಒಗ್ಯಾಕತ್ತಾಳ, ನೋಡಾಕ ಚಲೋ ಕಾಣತೈತಿ."

ಎಲ್ವಿರಾ ಬಾಯ್ ಮಗುವಿನ ಗಲ್ಲ ಎತ್ತಿ ನೋಡಿ, ಬೇರೆ ಏನಾದರೂ ಏರ್ಪಾಡಾಗುವವರೆಗೆ ಇರಲಿ ಅಂದಳು. ಅನಾಥ ಮಗು ಹೊರೆಯಲ್ಲ, ಧರ್ಮ ಎಂದೂ ಅಂದಳು. ಭಾಗವ್ವ ಅವಳ ಕಾಲಿಗೆ ಬಿದ್ದಳು. ಅದರಲ್ಲಿ ನಾಟಕವಿರಲಿಲ್ಲ.

ನಾಟಕ ಮಧ್ಯಾಹ್ನದಿಂದ ಶುರುವಾಯಿತು. ಮೊಯ್ರಾ ಇಡೀ ಊರು ಊಟವಾದ ಮೇಲೆ ಎರಡರಿಂದ ನಾಲ್ಕರವರೆಗೆ ಕಿಟಕಿ ಮುಚ್ಚಿ ಮಲಗುತ್ತದೆ. ಎಲ್ವಿರಾ ಬಾಯ್ ಕಿವಿಯ ಯಂತ್ರ ತೆಗೆದಿಟ್ಟು ಮಲಗುತ್ತಿದ್ದಳು. ಆ ಎರಡು ಗಂಟೆ ಹಿತ್ತಲ ಖೋಲಿಯಲ್ಲಿ ಪಾಠ.

"ಖರೇ ಹೇಳು. ನಾ ನಿನಗ ಏನಾಗಬೇಕು?"

"ಅವ್ವ."

ಭಾಗವ್ವ ಕೆನ್ನೆಗೆ ಹೊಡೆದಳು. ಮೊದಲನೆಯ ಏಟು ಮೆಲ್ಲಗಿತ್ತು. ಅದರಿಂದ ಕೆಲಸವಾಗಲಿಲ್ಲ.

"ಖರೇ ಹೇಳು. ನಾ ನಿನಗ ಏನಾಗಬೇಕು?"

"ಚಿಗವ್ವ."

"ಚಿಗವ್ವನೂ ಅಲ್ಲ. ಚಿಗವ್ವ ಅಂದ್ರ ಮುದುಕಿ ನೂರಾ ಎಂಟು ಕೇಳ್ತಾಳ. ಏನೂ ಅಲ್ಲ ಅನ್ನು. ನಾ ಭಾಗವ್ವ. ನಿಮ್ಮವ್ವ ಎಲ್ಲದಾಳ?"

"ಇಲ್ಲೇ."

ಈ ಸಲ ಮುತ್ತು ಎಡಗೈಯಿಂದ ತೊಡೆ ಚಿವುಟಿದ. ಹೊರಗೆ ಕಾಣದ ಜಾಗದಲ್ಲಿ ಚಿವುಟಬೇಕೆಂಬುದು ಅವನಿಗೆ ಹೊಳೆದದ್ದು. ಮಗು ಬಾಯಿಗೆ ಲಂಗ ತುರುಕಿಕೊಂಡು ಅತ್ತಿತು. ಒಂದು ವಾರದಲ್ಲಿ ಬಹಳ ಸುಧಾರಿಸಿತು. ಅವ್ವ ಎಲ್ಲಿ? ಸತ್ತಾಳ. ಹೆಂಗ ಸತ್ತಳು? ಗ್ವಾಡಿ ಬಿದ್ದು. ನೀ ನೋಡಿದೇನು? ನೋಡೀನಿ. ಕೊನೆಯದನ್ನು ಯಾರೂ ಕಲಿಸಿರಲಿಲ್ಲ, ಅವಳೇ ಸೇರಿಸಿದ್ದಳು. ಚಿಂಬಲ್‌ನಲ್ಲಿ ಹೋದ ವರ್ಷ ಗೋಡೆ ಬಿದ್ದು ಸತ್ತ ಹೆಂಗಸೊಬ್ಬಳನ್ನು ಅವಳು ನೋಡಿದ್ದಳು.

ಅಷ್ಟಕ್ಕೇ ಬಿಟ್ಟರೆ ಸಾಲದು ಎಂದ ಮುತ್ತು. ಅವನು ಇದನ್ನು ಆಟದ ಹಾಗೆ ಮಾಡಿದ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ನೇವರಿಸುತ್ತ, "ಈಗ ಯಾರೂ ಇಲ್ಲವಾ, ಬಾಯ್ ಮಲಗ್ಯಾಳ. ಖರೇ ಹೇಳು, ಏನೂ ಮಾಡೂದಿಲ್ಲ," ಅನ್ನುತ್ತಿದ್ದ. ಅವಳು ನಂಬಿ "ಅವ್ವ" ಅಂದ ಕೂಡಲೇ ಚಿವುಟುತ್ತಿದ್ದ. ನಾಲ್ಕು ಸಲ ನಂಬಿದಳು. ಐದನೆಯ ಸಲ ಅವನ ತೊಡೆಯಿಂದ ಇಳಿದು ದೂರ ನಿಂತು, "ನಮ್ಮವ್ವ ಸತ್ತಾಳ," ಅಂದು ನಕ್ಕಳು. ಮುತ್ತು ಹೆಂಡತಿಯ ಕಡೆ ನೋಡಿದ.

"ನೋಡಿದಿ? ಇನ್ನ ಕಮಿಷನರ್ ಬಂದು ಕೇಳಿದ್ರೂ ಹೇಳಾಂಗಿಲ್ಲ."

ಭಾಗವ್ವನಿಗೂ ಹೆಮ್ಮೆಯೇ ಆಯಿತು. ಆ ದಿನ ಮಗಳಿಗೆ ಎಲ್ವಿರಾ ಬಾಯಿಯ ಡಬ್ಬಿಯಿಂದ ಎರಡು ಬಿಸ್ಕೀಟು ಕದ್ದು ಕೊಟ್ಟಳು.

ಆದರೂ ಒಂದು ಸಲ ತಪ್ಪಿತು. ತೆಂಗಿನಗರಿ ಬಿದ್ದ ಸದ್ದಿಗೆ ಬೆಚ್ಚಿದ ಅಶ್ವಿನಿ ಅಂಗಳದಿಂದ "ಅವ್ವಾ" ಎಂದು ಕೂಗಿ ಓಡಿಬಂದು ಭಾಗವ್ವನ ಸೀರೆಗೆ ಮುಖ ಒತ್ತಿದಳು. ಎಲ್ವಿರಾ ಬಾಯ್ ಡಿಕ್ಷನರಿಯಿಂದ ತಲೆ ಎತ್ತಿದಳು. ಕೊಂಕಣಿಯಲ್ಲಿ ತಾಯಿಗೆ ಆವಯ್ ಅನ್ನುತ್ತಾರೆ. ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

"ನಿನ್ನನ್ನು ಯಾಕೆ ಹಾಗೆ ಕರೆಯಿತು?"

"ನಮ್ಮ ಕಡೆ ಹೆಂಗಸರಿಗೆಲ್ಲಾ ಅವ್ವ ಅಂತಾರ್ರಿ ಬಾಯ್. ಕಾಯಿಪಲ್ಯೆ ಮಾರಾಕಿಗೂ ಅವ್ವ, ತಗೊಳ್ಳಾಕಿಗೂ ಅವ್ವ. ನಾವು ಸಣ್ಣ ಹುಡುಗ್ಯಾರಿಗೂ ಯವ್ವಾ ಅಂತೇವಿ. ನನ್ನ ಹೆಸರಿನಾಗೂ ಅವ್ವ ಐತಲ್ರಿ."

ಹೇಳಿದ್ದೆಲ್ಲ ನಿಜ. ಎಲ್ವಿರಾ ಬಾಯಿಗೆ ಅದು ಬಹಳ ಹಿಡಿಸಿತು. ಒಂದು ಇಡೀ ಸೀಮೆಯಲ್ಲಿ ಎಲ್ಲ ಹೆಂಗಸರೂ ತಾಯಂದಿರು ಎಂದು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮರುದಿನ ಮಧ್ಯಾಹ್ನ ಅಶ್ವಿನಿಗೆ ಸರಿಯಾಗಿ ಬಿತ್ತು.

ಆಗಸ್ಟಿನಲ್ಲಿ ಒಂದು ದಿನ ಸಿಗಡಿ ಸುಲಿಯುತ್ತ ಕುಳಿತಾಗ ಎಲ್ವಿರಾ ಬಾಯ್ ತನ್ನ ಕತೆ ಹೇಳಿದಳು. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ಅಪ್ಪ ಅಮ್ಮ ನೈರೋಬಿಗೆ ಹೋದರಂತೆ, ಒಬ್ಬ ಇಂಗ್ಲಿಷ್ ದೊರೆಯ ಮನೆಗೆ. ಅಪ್ಪ ಅಡಿಗೆಯವನು, ಅಮ್ಮ ಆಯಾ. ಬೊಂಬಾಯಿಯ ಪೇಪರಿನಲ್ಲಿ ಬಂದಿದ್ದ ಜಾಹೀರಾತಿನಲ್ಲಿ ಅದೇ ಶಬ್ದವಿತ್ತು.

"ಆ ಶಬ್ದ ಅಂದರೆ ನಾನು," ಅಂದಳು ಎಲ್ವಿರಾ ಬಾಯ್, ಸಿಗಡಿಯ ತಲೆ ಮುರಿದು ಬೋಗುಣಿಗೆ ಹಾಕುತ್ತ. "ನನ್ನನ್ನು ಇದೇ ಮನೆಯಲ್ಲಿ ಅತ್ತೆಯ ಹತ್ತಿರ ಬಿಟ್ಟರು. ನನ್ನ ತಾಯಿ ಅಲ್ಲಿ ದೊರೆಯ ಮೂರು ಮಕ್ಕಳನ್ನು ಬೆಳೆಸಿದಳು. ಹನ್ನೊಂದು ವರ್ಷದ ಮೇಲೆ ಬಂದರು. ನನಗೆ ಗುರುತು ಸಿಗಲಿಲ್ಲ. ಏನಾಯಿತು? ಏನೂ ಆಗಲಿಲ್ಲ. ಆ ಪಗಾರದಲ್ಲಿ ನಾನು ಓದಿದೆ."

ಭಾಗವ್ವನ ಕೈ ನಿಂತಿತು. ಈಗ ಹೇಳಿಬಿಡಬಹುದು ಅನ್ನಿಸಿತು. ಈಕೆಗೆ ಅರ್ಥವಾಗುತ್ತದೆ. "ಬಾಯ್..." ಅಂದಳು.

"ಆದರೆ ಅವರು ಸುಳ್ಳು ಹೇಳಲಿಲ್ಲ," ಎಲ್ವಿರಾ ಬಾಯ್ ತನ್ನ ಪಾಡಿಗೆ ಹೇಳುತ್ತಿದ್ದಳು. "ಅಪ್ಪ ಅರ್ಜಿಯಲ್ಲಿ ಬರೆದಿದ್ದ, ಒಂದು ಮಗು ಇದೆ, ಬಿಟ್ಟು ಬರುತ್ತೇವೆ ಅಂತ. ಅವರ ಪಕ್ಕದ ಮನೆಯ ಇನ್ನೊಂದು ಜೋಡಿ ಸುಳ್ಳು ಹೇಳಿ ಹೋಗಿತ್ತು. ಗೊತ್ತಾದ ದಿನವೇ ಹೊರಗೆ ಹಾಕಿದರು, ಹಡಗಿನ ಟಿಕೀಟನ್ನೂ ಕೊಡಲಿಲ್ಲ. ಸರಿಯಾಗಿಯೇ ಮಾಡಿದರು. ಏನೋ ಹೇಳುತ್ತಿದ್ದೆಯಲ್ಲ?"

"ಏನಿಲ್ರಿ. ಕೊಬ್ಬರಿ ಹಾಕ್ಲ್ಯಾ ಅಂತ ಕೇಳಿದ್ನಿ."

ಸೆಪ್ಟೆಂಬರಿನ ಮೊದಲ ವಾರ ಪುಣೆಯಿಂದ ಎಲ್ವಿರಾ ಬಾಯಿಯ ತಂಗಿಯ ಮಗಳು ಸಾಂದ್ರಾ ಬಂದಳು. ಜೊತೆಗೆ ಎರಡು ವರ್ಷದ ಗಂಡುಮಗು. ಆ ಮಗು ಯಾರ ಕೈಯಲ್ಲೂ ಉಣ್ಣುತ್ತಿರಲಿಲ್ಲ, ಅಶ್ವಿನಿಯ ಕೈಯಲ್ಲಿ ಉಂಡಿತು. ಅವಳು ಅದನ್ನು ಸೊಂಟಕ್ಕೇರಿಸಿಕೊಂಡು ಬಾಳೆಗಿಡಗಳ ನಡುವೆ ತಿರುಗಿದಳು, ಕಾಗೆ ತೋರಿಸಿದಳು, ಮಲಗಿಸಿದಳು. ಸಾಂದ್ರಾ ಮೂರು ದಿನ ನೋಡಿದಳು. ನಾಲ್ಕನೆಯ ದಿನ ಊಟದ ಮೇಜಿನಲ್ಲಿ, ಭಾಗವ್ವ ಮೀನು ಬಡಿಸುತ್ತಿರುವಾಗ, ಈ ಹುಡುಗಿಯನ್ನು ನಾನು ಕರೆದುಕೊಂಡು ಹೋಗಲೇ ಎಂದು ದೊಡ್ಡಮ್ಮನನ್ನು ಕೇಳಿದಳು. ಮಗುವಿನ ಜೊತೆ ಆಡಿಕೊಂಡಿರಲಿ, ಮುಂದೆ ನೋಡಿಕೊಂಡು ಶಾಲೆಗೂ ಹಾಕಿದರಾಯಿತು.

"ನಾನೂ ಅದನ್ನೇ ಯೋಚಿಸಿದೆ," ಅಂದಳು ಎಲ್ವಿರಾ ಬಾಯ್. "ಇದರ ಮೇಲೆ ಯಾರದೂ ಹಕ್ಕಿಲ್ಲ. ಜಮೀನಿನ ಕಾಗದದ ಭಾಷೆಯಲ್ಲಿ ಹೇಳಬೇಕೆಂದರೆ 'ನಿಲ್', ಋಣಭಾರ ಸೊನ್ನೆ. ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗು. ಭಾಗವ್ವಾ, ಅವಳ ಬಟ್ಟೆ ಒಗೆದು ಇಡು."

ಭಾಗವ್ವ ಮೀನಿನ ತಟ್ಟೆ ಹಿಡಿದೇ ಹಿತ್ತಲಿಗೆ ಬಂದಳು. ಮುತ್ತು ಖೋಲಿಯ ಬಾಗಿಲಲ್ಲಿ ಕುಳಿತು ಬೀಡಿ ಸೇದುತ್ತಿದ್ದ. ಎಲ್ಲ ಕೇಳಿದ.

"ಹೋಗ್ಲಿ ಬಿಡು."

"ಏನ್ ಮಾತಾಡ್ತೀರಿ?"

"ಪುಣೆದಾಗ ದೊಡ್ಡ ಮನಿ. ಹೊಟ್ಟಿ ತುಂಬ ಉಣ್ತಾಳ. ಇಲ್ಲಿದ್ದು ಏನ್ ಮಾಡ್ತಾಳ, ನನ್ನ ಸೊಟ್ಟ ಕೈ ನೋಡ್ಕೋತ ಕುಂದರ್ತಾಳ?"

"ಆಕಿ ನಿಮ್ಮ ಮಗಳ್ರಿ."

"ಅಲ್ಲಂತ ದಿನಾ ನೀನ ಬಡದು ಬಡದು ಹೇಳಿಕೊಟ್ಟಿ. ಈಗ ನನಗ ಹೇಳಾಕ ಬರ್ತಿ."

"ನಾ ಬಾಯಿಗೆ ಖರೇ ಹೇಳ್ತೀನಿ. ಹೊರಗ ಹಾಕಿದ್ರ ಹಾಕ್ಲಿ. ಮತ್ತ ಬುಟ್ಟಿ ಹೊರ್ತೀನಿ."

ಮುತ್ತು ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ. "ನೀ ಹೊರ್ತಿ. ನನ್ನ ಯಾರು ಹೊರ್ತಾರ? ಹೇಳಿ ನೋಡು," ಅಂದ. ದನಿ ಏರಿರಲಿಲ್ಲ.

ಬೆಳಿಗ್ಗೆ ಸಾಂದ್ರಾ ಕಾರಿನ ಡಿಕ್ಕಿಗೆ ಚೀಲ ತುಂಬುತ್ತಿದ್ದಳು. ಅಶ್ವಿನಿ ಮಗುವನ್ನು ಎತ್ತಿಕೊಂಡು ಕಾರಿನ ಪಕ್ಕ ನಿಂತಿದ್ದಳು. ಅವಳಿಗೆ ಸಾಂದ್ರಾ ಹೊಸ ಫ್ರಾಕು ಹಾಕಿಸಿದ್ದಳು. ಭಾಗವ್ವ ಬಾಲ್ಕಾಂವ್‌ನ ಮೆಟ್ಟಿಲ ಕೆಳಗೆ ಬಂದು ನಿಂತು, ಚಹಾ ಕುಡಿಯುತ್ತಿದ್ದ ಎಲ್ವಿರಾ ಬಾಯಿಗೆ ಹೇಳಿದಳು.

"ಬಾಯ್, ಅಶ್ವಿನಿ ನನ್ನ ಮಗಳ್ರಿ. ನಾ ಹಡದ ಮಗಳು. ನಾ ಸುಳ್ಳು ಹೇಳಿದ್ನಿ."

ಎಲ್ವಿರಾ ಬಾಯ್ ಕಪ್ಪು ಕೆಳಗಿಟ್ಟಳು. ಅವಳಿಗೆ ಸಿಟ್ಟು ಬರಲಿಲ್ಲ. ಉತ್ತರ ಪತ್ರಿಕೆಯಲ್ಲಿ ತಪ್ಪು ಕಂಡಾಗಿನ ಹಾಗೆ ಹುಬ್ಬು ಮಾತ್ರ ಗಂಟಾಯಿತು.

"ಹುಟ್ಟಿದ ಸರ್ಟಿಫಿಕೇಟ್ ತೋರಿಸು."

"ಇಲ್ರಿ. ಕೆಲಸದ ಜಾಗದಾಗ, ತಗಡಿನ ಶೆಡ್ಡಿನಾಗ ಹುಟ್ಟಿದ್ದು. ರಾಮಿಬಾಯಿನ ಹೆರಿಗಿ ಮಾಡಿದ್ದು. ಬರಸೇ ಇಲ್ಲ."

"ಆಧಾರ್?"

"ಸರ್ಟಿಫಿಕೇಟು ಇಲ್ಲಂತ ಮಾಡ್ಲಿಲ್ಲ."

"ರಾಮಿಬಾಯಿ ಅಂದರೆ ಮಗುವನ್ನು ತಂದುಬಿಟ್ಟವಳಲ್ಲವೇ? ತಾಯಿ ಸತ್ತಳು ಎಂದು ನೀನು ಹೇಳಿದಾಗ ಅವಳು ಪಕ್ಕದಲ್ಲೇ ಇದ್ದಳು. ಅಲ್ಲ ಅನ್ನಲಿಲ್ಲ."

ಶ್ರೀಶೈಲ ಸಾವಕಾರರಿಗೆ ಗೊತ್ತು, ಅವರನ್ನು ಕೇಳಿರಿ ಎಂದಳು ಭಾಗವ್ವ. ಎಲ್ವಿರಾ ಬಾಯ್ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು. ಅಂಗಡಿಯ ಗದ್ದಲ ಕೇಳಿಸಿತು, ಆಮೇಲೆ ಅವನ ದನಿ. ಮಕ್ಕಳಿಲ್ಲದವರು ಅಂತಲೇ ಅವರು ನನಗೂ ಹೇಳಿದ್ದು ಬಾಯ್, ನಾನು ಬೇರೇನೂ ನೋಡಿಲ್ಲ. ಸಕ್ಕರೆ ಬಂದಿದೆ, ಕಳಿಸಲೇ?

ಮುತ್ತುವನ್ನು ಕರೆದರು. ಅವನು ಸೊಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಂದು ನಿಂತ. ಹೆಂಡತಿಯನ್ನು ನೋಡಲಿಲ್ಲ.

"ಆಕಿ ಮಾತು ಮನಸಿಗೆ ಹಚ್ಕೋಬ್ಯಾಡ್ರಿ ಬಾಯ್. ಹತ್ತು ವರ್ಷ ಆತು, ಹೊಟ್ಟ್ಯಾಗ ಒಂದೂ ನಿಂದ್ರಲಿಲ್ಲ. ಈ ಕೂಸು ಬಂದಾಗಿಂದ ಹಚ್ಚಿಕೊಂಡು ತಲಿ ಕೆಡಿಸ್ಕೊಂಡಾಳ."

ಭಾಗವ್ವ ಗಂಡನನ್ನು ನೋಡಿದಳು. ಅವನು ಹೇಳಿದ್ದರಲ್ಲಿ ಎಷ್ಟು ಮರುಕವಿತ್ತೆಂದರೆ ಸಾಂದ್ರಾ ಕೂಡ ಚೀಲ ಬಿಟ್ಟು ಹತ್ತಿರ ಬಂದು ಭಾಗವ್ವನ ಭುಜ ಮುಟ್ಟಿದಳು. ಭಾಗವ್ವ ಆ ಕೈಯನ್ನು ಕೊಡವಿದಳು.

"ಕೂಸು ನನಗ ಅವ್ವ ಅಂದದ್ದು ನೀವ ಕೇಳೀರಲ್ಲ ಬಾಯ್. ತೆಂಗಿನಗರಿ ಬಿದ್ದ ದಿನ."

"ಕೇಳಿದ್ದೇನೆ. ನಿಮ್ಮ ಕಡೆ ಎಲ್ಲರಿಗೂ ಹಾಗೆ ಅನ್ನುತ್ತಾರೆಂದು ನೀನೇ ಹೇಳಿದೆ. ಬರೆದುಕೊಂಡಿದ್ದೇನೆ." ಎಲ್ವಿರಾ ಬಾಯ್ ಕೋಲೂರಿ ಎದ್ದಳು. "ಮಗುವನ್ನೇ ಕೇಳೋಣ. ಮಕ್ಕಳು ಸುಳ್ಳು ಹೇಳುವುದಿಲ್ಲ. ನಲವತ್ತು ವರ್ಷ ಪಾಠ ಹೇಳಿದ್ದೇನೆ, ನನಗೆ ಗೊತ್ತು."

ಅಶ್ವಿನಿಯನ್ನು ಮೆಟ್ಟಿಲ ಮುಂದೆ ನಿಲ್ಲಿಸಿದರು. ಸಾಂದ್ರಾ ತನ್ನ ಮಗುವನ್ನು ಎತ್ತಿಕೊಂಡಳು. ಎಲ್ವಿರಾ ಬಾಯ್ ನಿಧಾನವಾಗಿ ಕೊಂಕಣಿಯಲ್ಲಿ ಕೇಳಿದಳು. ಈ ಹೆಂಗಸು ನಿನಗೆ ಏನಾಗಬೇಕು?

ಅಶ್ವಿನಿ ಭಾಗವ್ವನ ಮುಖ ನೋಡಿದಳು. ಭಾಗವ್ವ ಮೊಣಕಾಲೂರಿ ಅವಳ ಎದುರು ಕುಳಿತು ಎರಡೂ ತೋಳು ಹಿಡಿದುಕೊಂಡಳು.

"ಹೇಳವಾ. ಖರೇ ಹೇಳು. ಯಾರೂ ಏನೂ ಮಾಡೂದಿಲ್ಲ. ನಾ ನಿನಗ ಏನಾಗಬೇಕು?"

ಮಗುವಿನ ಮುಖದಲ್ಲಿ ಒಂದು ಹೊಳಪು ಬಂತು. ಇದು ಅವಳಿಗೆ ಗೊತ್ತಿದ್ದ ಪ್ರಶ್ನೆ. ಈ ಮೆತ್ತನೆಯ ದನಿಯೂ ಗೊತ್ತಿತ್ತು, ಅದರ ಹಿಂದೆ ಏನು ಬರುತ್ತದೆ ಎಂಬುದೂ ಗೊತ್ತಿತ್ತು. ಬೆನ್ನು ನೆಟ್ಟಗೆ ಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ, ಮೊದಲು ಕನ್ನಡದಲ್ಲಿ, ಆಮೇಲೆ ಎಲ್ವಿರಾ ಬಾಯಿಗೆ ತಿಳಿಯಲೆಂದು ಕೊಂಕಣಿಯಲ್ಲಿ ಹೇಳಿದಳು.

"ಏನೂ ಅಲ್ಲ. ಈಕಿ ಭಾಗವ್ವ. ನಮ್ಮವ್ವ ಸತ್ತಾಳ. ಗ್ವಾಡಿ ಬಿದ್ದು ಸತ್ತಳು. ನಾ ನೋಡೀನಿ."

"ಅಲ್ಲವಾ, ಈಗ ಖರೇ ಖರೇ ಹೇಳು. ನಾ ನಿಮ್ಮವ್ವ ಅಲ್ಲೇನ?"

"ಅಲ್ಲ," ಅಂದಳು ಅಶ್ವಿನಿ. ಇದಕ್ಕೂ ತಾನು ಸಿಕ್ಕಿಬೀಳುವುದಿಲ್ಲ ಎಂಬ ಹಾಗೆ ನಕ್ಕಳು.

ಭಾಗವ್ವನ ಕೈ ಎದ್ದಿತು. ಯಾರೂ ತಡೆಯುವಷ್ಟರಲ್ಲಿ ಮಗುವಿನ ಕೆನ್ನೆಗೆ ಬಿತ್ತು. ಅಷ್ಟು ಜೋರಾಗಿ ಅವಳು ಖೋಲಿಯಲ್ಲಿ ಎಂದೂ ಹೊಡೆದಿರಲಿಲ್ಲ. ಅಶ್ವಿನಿ ಮೆಟ್ಟಿಲ ಅಂಚಿಗೆ ಬಿದ್ದಳು, ತುಟಿ ಒಡೆಯಿತು. ಹೊಸ ಫ್ರಾಕಿನ ಮೇಲೆ ರಕ್ತದ ಹನಿ ಬಿತ್ತು.

ಸಾಂದ್ರಾ ಕಿರುಚಿ ಅವಳನ್ನು ಎಳೆದುಕೊಂಡಳು. ಎತ್ತುವಾಗ ಫ್ರಾಕು ಮೇಲೆ ಸರಿದು ತೊಡೆಯ ಮೇಲಿನ ಚಿವುಟಿದ ಗುರುತುಗಳು ಕಂಡವು, ಹಳೆಯವು ಹಳದಿ, ಹೊಸವು ನೀಲಿ. "ಆಂಟೀ, ಇಲ್ಲಿ ನೋಡಿ," ಅಂದಳು. ಎಲ್ವಿರಾ ಬಾಯ್ ಬಗ್ಗಿ ನೋಡಿದಳು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದಳು.

"ಹಡೆದವಳು ಹೀಗೆ ಮಾಡುವುದಿಲ್ಲ," ಅಂದಳು. "ಕಾರು ಹತ್ತಿಸು."

ಅಶ್ವಿನಿ ಅಳಲಿಲ್ಲ. ಅಳುವಾಗ ಸದ್ದು ಮಾಡಬಾರದೆಂದು ಅವಳಿಗೆ ಅಭ್ಯಾಸವಾಗಿತ್ತು. ಸಾಂದ್ರಾಳ ಹೆಗಲ ಮೇಲಿಂದ ಭಾಗವ್ವನನ್ನು ನೋಡುತ್ತಿದ್ದಳು. ಒಡೆದ ತುಟಿಯಲ್ಲಿ ಕೇಳಿದಳು:

"ಬರೋಬರಿ ಹೇಳೀನಲ್ಲ?"

ಭಾಗವ್ವ ಕಾರಿನ ಕಡೆ ಓಡಿದಳು. ಮುತ್ತು ಸೊಂಟಕ್ಕೆ ಎಡಗೈ ಹಾಕಿ ಹಿಡಿದ. ಆ ಕೈಯಲ್ಲಿ ಇನ್ನೂ ಬಲವಿತ್ತು. ಕಾರಿನ ಬಾಗಿಲು ಹಾಕಿಕೊಂಡಿತು. ಗೇಟು ಮುಚ್ಚಿತ್ತು, ಸಾಂದ್ರಾ ಹಾರ್ನ್ ಹೊಡೆದಳು. ಮುತ್ತು ಹೆಂಡತಿಯನ್ನು ನೆಲಕ್ಕೆ ಕೂರಿಸಿ, ಹೋಗಿ ಗೇಟು ತೆಗೆದು, ಕಾರು ಹೋದ ಮೇಲೆ ಚಿಲಕ ಹಾಕಿಕೊಂಡು ಬಂದ.

ಎಲ್ವಿರಾ ಬಾಯ್ ಕೋಲೂರಿ ಒಂದು ಮೆಟ್ಟಿಲು ಇಳಿದಳು. ನೆಲದಲ್ಲಿ ಕುಳಿತ ಭಾಗವ್ವನ ಸೆರಗಿಗೆಲ್ಲ ಮಣ್ಣಾಗಿತ್ತು.

"ಸುಳ್ಳು ಹೇಳಿದವರನ್ನು ನಾನು ಆ ದಿನವೇ ಕಳಿಸುತ್ತೇನೆ," ಅಂದಳು. "ಆದರೆ ಮಕ್ಕಳಿಲ್ಲದ ಹೆಂಗಸು ದುಃಖದಲ್ಲಿ ಹೇಳಿದ್ದು. ಇದೊಂದನ್ನು ಕ್ಷಮಿಸುತ್ತೇನೆ. ಏಳು, ಮುಖ ತೊಳೆದುಕೋ. ಬಂಗಡೆ ತಂದಿಟ್ಟಿದ್ದಾರೆ, ಬೆಕ್ಕು ಬಾಯಿ ಹಾಕುವ ಮೊದಲು ಹೋಗಿ ಕೊಯ್ದಿಡು."

ಮುತ್ತು ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಿದ. "ಹೂಂ ಅನ್ನು," ಅಂದ ಕಿವಿಯಲ್ಲಿ.

ಭಾಗವ್ವ ಹೂಂ ಅಂದಳು.